ಶಿವಗಂಗೆಯ ನೆತ್ತಿಗೆ

ನೆಲಮಂಗಲ ಸೀಮೆಯ ಶಿವಗಂಗೆಯು ಮೂಡಣಿಂದ ನೋಡಿದರೆ ಬಸವ, ಪಡುವಣಿಂದ ಗಣಪತಿ, ತೆಂಕಣಿಂದ ಲಿಂಗ, ಬಡಗಣಿಂದ ಹೆಡೆಯೆತ್ತಿದ ಸರ್ಪ ಎಂಬುದು ಅಲ್ಲಿಯ ಜನರ ಮಾತು. ಸುಮಾರು 4,500 ಅಡಿ ಎತ್ತರದ ಈ ಗಿರಿಯನ್ನು ನಾವು ಊರಿನ ಮುದುಕನೊಬ್ಬನನ್ನು ಮುಂದಿಟ್ಟುಕೊಂಡು ನಸುಕಿನಲ್ಲಿಯೇ ಏರತೊಡಗಿದೆವು.

ಗಂಗಾಧರೇಶ್ವರನ ಗುಡಿಯವರೆಗೆ ನಮ್ಮ ಹರಟೆ ನಿಲ್ಲಲಿಲ್ಲ. ಪುಣ್ಯವಂತರ ಕೈಗೆ ಮಾತ್ರ ನೀರೆಟಕುವುದೆಂಬ ಒಳಕಲ್ಲು ತೀರ್ಥದಲ್ಲಿ ನಮ್ಮೊಳಗೆ ಒಬ್ಬರಿಗಷ್ಟೇ ಅದು ಎಟಕಿತು. ಉಳಿದವರು ಆ ಲೆಕ್ಕವನ್ನು ಅಲ್ಲಿಯೇ ಬಿಟ್ಟೆವು. ಅದರಾಚೆ ಬಂಡೆಯಲ್ಲಿ ಕೊರೆದ ಮೆಟ್ಟಲುಗಳು ಬಲು ಕಡಿದು. ಮುದುಕನು ನಮ್ಮ ಬೂಟುಗಳನ್ನು ಕಳಚಿಸಿದನು. ಕಬ್ಬಿಣದ ಕಂಬಿ ಹಿಡಿದು, ಮಾತಿಲ್ಲದೆ ಹತ್ತಿದೆವು.

ನೆತ್ತಿಯಲ್ಲಿ, ಹೊಯ್ಸಳ ವಿಷ್ಣುವರ್ಧನನ ರಾಣಿ ಶಾಂತಲೆ ಧುಮುಕಿದಳೆಂಬ ತಾಣವನ್ನು ಅವನು ತೋರಿಸಿದನು. ಆಕೆ 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡಳೆಂದು ಶ್ರವಣಬೆಳಗೊಳದ ಶಾಸನ ಹೇಳುತ್ತದೆ. ಧುಮುಕಿದ ಮಾತು ಅದರಲ್ಲಿಲ್ಲ. ಅಧ್ಯಾಪಕರ ಚಪಲ, ಹೇಳಿಯೇಬಿಟ್ಟೆವು.

“ಶಾಸ್ನ ಬರೆದೋರು ಈ ತುದೀಗ್ ಬಂದು ನೋಡಿದ್ರಾ, ಸ್ವಾಮಿ?” ಎಂದನು ಮುದುಕ.

ನಾವು ಅಂಚಿನ ಸಮೀಪಕ್ಕೆ ಹೋಗಿ, ಕೆಳಗಿನ ಆಳವನ್ನು ಕಂಡು ಹಿಂದೆ ಸರಿದೆವು. ಉತ್ತರ ತೋಚಲಿಲ್ಲ. ಇಳಿಯುವಾಗ ತೊಡೆಗಳು ನಡುಗುತ್ತಿದ್ದವು. ಆ ಕಡಿದಾದ ಮೆಟ್ಟಲುಗಳನ್ನು ಅವನ ಹೆಗಲ ಮೇಲೆ ಕೈಯಿಟ್ಟುಕೊಂಡೇ ಇಳಿದೆವು.