ಮುಳುಗಿದ ಮಂಟಪ, ಬರೆಯದ ಲೆಕ್ಕ

(ಮಲೆನಾಡಿನ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಶಿವಮೊಗ್ಗೆಯಲ್ಲಿ ಮಳೆಗಾಲದ ಅಳತೆಗೋಲು ಕಲ್ಲಿನದು. ಕೋರ್ಪಲಯ್ಯನ ಛತ್ರದ ಬಳಿ ತುಂಗೆಯಲ್ಲಿ ನಿಂತಿರುವ ಮಂಟಪ ಮುಳುಗಿತೆಂದರೆ ಹೊಳೆ ತುಂಬಿತೆಂದು ಊರು ನಂಬುತ್ತದೆ. ಜನ ಸೇತುವೆಯ ಮೇಲೆ ಸೇರುತ್ತಾರೆ, ಕೈಮುಗಿಯುತ್ತಾರೆ, ಮಕ್ಕಳನ್ನು ಎತ್ತಿ ತೋರಿಸುತ್ತಾರೆ. ಅದೇ ಹೊತ್ತಿಗೆ ಕುಂಬಾರಗುಂಡಿ, ಸೀಗೆಹಟ್ಟಿ, ಇಮಾಮ್‌ಬಾಡದಂಥ ತಗ್ಗಿನ ಬೀದಿಗಳಲ್ಲಿ ಅಕ್ಕಿಮೂಟೆಯನ್ನು ಅಟ್ಟಕ್ಕೇರಿಸುವ ಧಾವಂತ ಆರಂಭವಾಗಿರುತ್ತದೆ. ನೀರು ಒಂದೇ. ಸೇತುವೆಯ ಮೇಲೆ ನಿಂತವರಿಗೆ ಅದು ವೈಭವ, ಕೆಳಗಿನ ಬೀದಿಯವರಿಗೆ ಮುಂದಿನ ಎರಡು ವರ್ಷಗಳ ಸಾಲ. ಈ ಸಾಲದ ಲೆಕ್ಕವನ್ನು ಯಾರು ಬರೆಯುತ್ತಾರೆ ಎಂಬುದೇ ಇಂದಿನ ವಿಷಯ.

ತುಂಗೆ ಮತ್ತು ಭದ್ರೆ ಎರಡೂ ಗಂಗಾಮೂಲದಲ್ಲಿ ಹುಟ್ಟಿ ಕೂಡಲಿಯಲ್ಲಿ ಒಂದಾಗುತ್ತವೆ. ಆದರೆ ದಡದ ಎರಡು ನಗರಗಳಿಗೆ ನೆರೆ ಬರುವ ರೀತಿ ಬೇರೆ ಬೇರೆ. ತುಂಗೆಗೆ ಅಡ್ಡಲಾಗಿ ಗಾಜನೂರಿನಲ್ಲಿರುವ ಅಣೆಕಟ್ಟೆ ಹಿಡಿಯಬಲ್ಲದ್ದು ಕೇವಲ 3.24 ಟಿಎಂಸಿ. ಮುಂಗಾರಿನ ಮೊದಲ ವಾರಗಳಲ್ಲೇ ಅದು ತುಂಬುತ್ತದೆ. ಆಮೇಲೆ ಶೃಂಗೇರಿ, ಆಗುಂಬೆ, ತೀರ್ಥಹಳ್ಳಿಯ ಸೀಮೆಯಲ್ಲಿ ಬಿದ್ದ ಮಳೆ ಎಲ್ಲಿಯೂ ತಂಗದೆ ಶಿವಮೊಗ್ಗೆಗೆ ಇಳಿಯುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ಶಿವಮೊಗ್ಗ ನಗರದಲ್ಲಿ ಸುರಿಯುವುದು ಅದರ ಒಂದು ಸಣ್ಣ ಪಾಲು. ಹೀಗಾಗಿ ನಗರದಲ್ಲಿ ಎಳೆಬಿಸಿಲಿರುವಾಗಲೂ ಹೊಳೆ ಏರಬಲ್ಲದು.

ಭದ್ರೆಯ ಕಥೆ ಬೇರೆ. ಲಕ್ಕವಳ್ಳಿಯ ಜಲಾಶಯದ ಸಾಮರ್ಥ್ಯ 71.5 ಟಿಎಂಸಿ, ಗರಿಷ್ಠ ಮಟ್ಟ 186 ಅಡಿ. ಮುಂಗಾರಿನ ಆರಂಭದಲ್ಲಿ ಅದು ಭದ್ರಾವತಿಯನ್ನು ಕಾಯುತ್ತದೆ. ಆದರೆ ಜಲಾಶಯ ತುಂಬುವ ವೇಳೆಗೆ ಮೇಲ್ಭಾಗದಲ್ಲಿ ಮತ್ತೆ ಭಾರೀ ಮಳೆಯಾದರೆ ಗೇಟುಗಳನ್ನು ಎತ್ತದೆ ಬೇರೆ ಉಪಾಯವಿಲ್ಲ. ಆಗ ಊರ ನಡುವಿನ ಹೊಸ ಸೇತುವೆ ನೀರಿನಡಿಯಾಗುತ್ತದೆ, ಕವಲಗುಂದಿಯ ಮನೆಗಳಿಗೆ ಹೊಳೆ ನುಗ್ಗುತ್ತದೆ. ಇದು ಮೊದಲೇ ದುರ್ಬಲವಾಗಿರುವ ಊರು. ಸಾವಿರಾರು ಕುಟುಂಬಗಳಿಗೆ ಅನ್ನವಿತ್ತ ಮೈಸೂರು ಕಾಗದ ಕಾರ್ಖಾನೆ 2015ರಲ್ಲಿ ಉತ್ಪಾದನೆ ನಿಲ್ಲಿಸಿತು. ತಿಂಗಳ ಸಂಬಳವಿದ್ದ ಮನೆ ನೆರೆಯನ್ನು ತಾಳಿಕೊಂಡೀತು. ದಿನಗೂಲಿಯ ಮನೆಗೆ ಅದೇ ನೆರೆ ಹತ್ತುಪಟ್ಟು ಭಾರ.

ಈಗ ಲೆಕ್ಕಕ್ಕೆ ಬರೋಣ. 2019ರ ಆಗಸ್ಟಿನಲ್ಲಿ ಶಿವಮೊಗ್ಗೆಯೂ ಸೇರಿದಂತೆ ರಾಜ್ಯದ ಬಹುಭಾಗ ನೆರೆಗೆ ಸಿಕ್ಕಿತು. ರಾಜ್ಯ ಸರ್ಕಾರವು ಒಟ್ಟು ನಷ್ಟವನ್ನು 35,000 ಕೋಟಿ ರೂಪಾಯಿಗೂ ಹೆಚ್ಚೆಂದು ಅಂದಾಜು ಮಾಡಿತು. ಆದರೆ ಕೇಂದ್ರದ ಪರಿಹಾರ ನಿಯಮಗಳ ಪ್ರಕಾರ ಕೇಳಲು ಸಾಧ್ಯವಾದದ್ದು ಸುಮಾರು 3,800 ಕೋಟಿ ಮಾತ್ರ. ಅಂದರೆ ಹತ್ತು ರೂಪಾಯಿ ಕಳೆದುಕೊಂಡವನಿಗೆ ಒಂದು ರೂಪಾಯಿಯ ಆಸುಪಾಸು ಕೇಳುವ ಹಕ್ಕು. ಕೈಗೆ ಬಂದದ್ದು ಅದಕ್ಕಿಂತಲೂ ಕಡಿಮೆ.

ನಾಲ್ಕು ವರ್ಷ ಕಳೆಯಿತು. 2023ರಲ್ಲಿ ಮುಂಗಾರು ಕೈಕೊಟ್ಟಿತು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಿತವಾದವು. ಭದ್ರಾ ಜಲಾಶಯ ತುಂಬಲಿಲ್ಲ. ನಾಲೆಯ ನೀರಿಗಾಗಿ ದಾವಣಗೆರೆ ಭಾಗದ ರೈತರು ಬೀದಿಗಿಳಿದರು. ಶರಾವತಿಯ ಲಿಂಗನಮಕ್ಕಿಯಲ್ಲಿಯೂ ನೀರು ಸಾಲದೆ ಜಲವಿದ್ಯುತ್ತು ಕುಗ್ಗಿತು. ಆಗಲೂ ನಷ್ಟದ ಅಂದಾಜು 35,000 ಕೋಟಿ ದಾಟಿತ್ತು. ರಾಜ್ಯ ಕೇಳಿದ್ದು 18,171 ಕೋಟಿ. ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದ ಬಳಿಕ 2024ರ ಏಪ್ರಿಲಿನಲ್ಲಿ ದೊರೆತದ್ದು ಸುಮಾರು 3,454 ಕೋಟಿ. ನೆರೆ ಮತ್ತು ಬರ ಪರಸ್ಪರ ವಿರುದ್ಧವೆಂದು ತೋರಬಹುದು. ಕಾದ ಗಾಳಿ ಹೆಚ್ಚು ತೇವವನ್ನು ಹಿಡಿದಿಡುತ್ತದೆ. ಪ್ರತಿ ಡಿಗ್ರಿ ಸೆಲ್ಸಿಯಸ್ ಏರಿಕೆಗೆ ಸುಮಾರು ಶೇ. 7ರಷ್ಟು. ಆದ್ದರಿಂದ ಬಿಸಿಯಾಗುತ್ತಿರುವ ಭೂಮಿಯಲ್ಲಿ ಮಳೆ ಬಂದರೆ ಒಮ್ಮೆಲೇ ಸುರಿಯುವ, ಬಾರದಿದ್ದರೆ ನೆಲ ಬೇಗ ಒಣಗುವ ಸಂಭವ ಎರಡೂ ಹೆಚ್ಚು.

ಕೋಟಿಗಳ ಲೆಕ್ಕ ಮನಸ್ಸಿಗೆ ನಾಟುವುದಿಲ್ಲ. ಒಂದು ಅಡಿಕೆ ಮರದ ಲೆಕ್ಕ ನೋಡಿ. 2022ರಿಂದ 2026ರ ಅವಧಿಯ ಕೇಂದ್ರ ನಿಯಮದಂತೆ ಬಹುವಾರ್ಷಿಕ ಬೆಳೆಯಲ್ಲಿ ಮೂರನೇ ಒಂದು ಭಾಗ ಅಥವಾ ಹೆಚ್ಚು ಹಾನಿಯಾದರೆ ಹೆಕ್ಟೇರಿಗೆ 22,500 ರೂಪಾಯಿ, ಅದೂ ಎರಡು ಹೆಕ್ಟೇರಿಗೆ ಸೀಮಿತ. ಒಂಬತ್ತು ಅಡಿ ಅಂತರದಲ್ಲಿ ನೆಟ್ಟರೆ ಹೆಕ್ಟೇರಿನಲ್ಲಿ 1,300ಕ್ಕೂ ಹೆಚ್ಚು ಮರಗಳಿರುತ್ತವೆ. ಭಾಗಿಸಿದರೆ ಒಂದು ಮರಕ್ಕೆ ಹದಿನಾರೋ ಹದಿನೇಳೋ ರೂಪಾಯಿ! ಹೊಸ ಸಸಿ ನೆಟ್ಟು ಫಸಲು ಕಾಣಲು ಐದಾರು ವರ್ಷ ಕಾಯಬೇಕು. ಆ ವರ್ಷಗಳ ಬರಿಗೈಗೆ ನಿಯಮದಲ್ಲಿ ಅಂಕಣವಿಲ್ಲ. ಮಳೆ ಬಿಡದೆ ಹಿಡಿದಾಗ ಕೊಳೆರೋಗಕ್ಕೆ ಇನ್ನೊಮ್ಮೆ ಹೊಡೆದ ಬೋರ್ಡೋ ದ್ರಾವಣದ ಮೈಲುತುತ್ತ, ಸುಣ್ಣ, ಕೊನೆಗಾರನ ಕೂಲಿ ಇವುಗಳಿಗೂ ಅಂಕಣವಿಲ್ಲ.

ಹವಾಮಾನ ಆಧಾರಿತ ಬೆಳೆವಿಮೆ ಈ ಕೊರತೆಯನ್ನು ಸ್ವಲ್ಪ ತುಂಬುತ್ತದೆ. ಅಡಿಕೆ, ಕಾಳುಮೆಣಸಿಗೆ ವಿಮಾ ಮೊತ್ತದ ಶೇ. 5ರಷ್ಟು ಕಂತನ್ನು ರೈತ ಕಟ್ಟುತ್ತಾನೆ. ಆದರೆ ಅಲ್ಲಿ ಉದುರಿದ ಕಾಯಿಯನ್ನು ಯಾರೂ ಎಣಿಸುವುದಿಲ್ಲ. ಗ್ರಾಮ ಪಂಚಾಯಿತಿಯ ಮಳೆಮಾಪಕ ತೋರಿದ ಅಂಕಿಯೇ ಪ್ರಮಾಣ. ಮಾಪಕ ಕೆಟ್ಟರೆ ರೈತನ ಹಕ್ಕೂ ಕೆಟ್ಟಂತೆ. ಗುಡ್ಡದ ಈಚೆಗೊಂದು ಮಳೆ, ಆಚೆಗೊಂದು ಮಳೆ ಬೀಳುವ ಮಲೆನಾಡಿನಲ್ಲಿ ಒಂದು ಮಾಪಕ ಇಡೀ ಪಂಚಾಯಿತಿಯ ಪರವಾಗಿ ಸಾಕ್ಷಿ ಹೇಳಬೇಕಾಗಿದೆ.

ನಗರದ ತಗ್ಗಿನ ಬೀದಿಗಳಿಗೆ ಮರಳಿದರೆ ಅಲ್ಲಿಯೂ ಇದೇ ಸ್ಥಿತಿ. 2019ರಲ್ಲಿ ಕೇಂದ್ರ ನಿಯಮದಂತೆ ಬಟ್ಟೆಬರೆಗೆ 1,800, ಪಾತ್ರೆಪಗಡಕ್ಕೆ 2,000 ರೂಪಾಯಿ. ರಾಜ್ಯ ಸರ್ಕಾರ ತನ್ನ ಪಾಲು ಸೇರಿಸಿ ಅದನ್ನು 10,000ಕ್ಕೆ ಏರಿಸಿತು. ಪೂರ್ಣ ಕುಸಿದ ಮನೆಗೆ 5 ಲಕ್ಷ ಘೋಷಿಸಿತು. ಇದು ಸ್ವಾಗತಾರ್ಹವೇ. ಆದರೆ ಆ ವರ್ಷ ಉದ್ಯೋಗ ಖಾತರಿಯ ದಿನಗೂಲಿ 249 ರೂಪಾಯಿ. ಹದಿನೈದು ದಿನ ಕೆಲಸ ತಪ್ಪಿದರೆ 3,735 ರೂಪಾಯಿ ಹೋದಂತೆ. ಕೇಂದ್ರ ನಿಯಮದ ಬಟ್ಟೆ ಪಾತ್ರೆಗಳ ಹಣ ಅಲ್ಲಿಗೇ ಸಮ. ತೊಯ್ದ ಹೊಲಿಗೆಯಂತ್ರ, ಪೆಟ್ಟಿಗೆ ಅಂಗಡಿಯ ಸರಕು, ಮಗಳ ಪಠ್ಯಪುಸ್ತಕ, ನೆರೆಯ ಬಳಿಕದ ಜ್ವರದ ಔಷಧಿ, ಅಡವಿಟ್ಟ ಓಲೆಯ ಬಡ್ಡಿ ಇವೆಲ್ಲ ಯಾವ ಕಡತಕ್ಕೂ ಏರದೆ ಉಳಿಯುತ್ತವೆ.

ಜಗತ್ತಿನ ಲೆಕ್ಕದಲ್ಲಿಯೂ ಇದೇ ಓರೆಯಿದೆ. ವಿಶ್ವ ಹವಾಮಾನ ಸಂಸ್ಥೆಯ ಪ್ರಕಾರ 1970ರಿಂದ 2021ರವರೆಗೆ ಹವಾಮಾನ ವಿಕೋಪಗಳಿಂದಾದ ನಷ್ಟ 4.3 ಲಕ್ಷ ಕೋಟಿ ಡಾಲರ್, ಸಾವು 20 ಲಕ್ಷ. ಹಣದ ನಷ್ಟದಲ್ಲಿ ದೊಡ್ಡ ಪಾಲು ಶ್ರೀಮಂತ ದೇಶಗಳದು. ಸಾವಿನಲ್ಲಿ ಹತ್ತಕ್ಕೆ ಒಂಬತ್ತು ಪಾಲು ಅಭಿವೃದ್ಧಿಶೀಲ ದೇಶಗಳದು. ಬೆಲೆಯುಳ್ಳ ಕಟ್ಟಡ ಬಿದ್ದರೆ ಅಂಕಿ ದೊಡ್ಡದಾಗುತ್ತದೆ. ಹೆಂಚಿನ ಮನೆ ಬಿದ್ದರೆ ಅಂಕಿ ಚಿಕ್ಕದು, ಸಂಕಟ ದೊಡ್ಡದು.

ನಷ್ಟ ಬರೆಯದಿರುವುದರ ಪರಿಣಾಮ ಪರಿಹಾರಕ್ಕೆ ಮಾತ್ರ ಸೀಮಿತವಲ್ಲ. ಕೆರೆಯಂಗಳದಲ್ಲಿ ಬಡಾವಣೆಗೆ ಒಪ್ಪಿಗೆ ಕೊಡುವಾಗ, ರಾಜಕಾಲುವೆ ಒತ್ತುವರಿಯಾದಾಗ, ಘಟ್ಟದ ಕಾಡು ಕಡಿದು ರಸ್ತೆ ಅಗಲಿಸುವಾಗ ಯೋಜನೆಯ ಲಾಭವನ್ನು ರೂಪಾಯಿ ಪೈಸೆಗಳಲ್ಲಿ ಮಂಡಿಸಲಾಗುತ್ತದೆ. ಕೆಳಗಿನ ಬೀದಿಯವರ ನಷ್ಟ ಎಲ್ಲಿಯೂ ಬರೆದಿಲ್ಲವಾದ್ದರಿಂದ ಅದು ಸೊನ್ನೆಯೆಂದೇ ಪರಿಗಣಿತವಾಗುತ್ತದೆ. ಸೊನ್ನೆಯನ್ನು ಮುಂದಿಟ್ಟು ವಾದ ಗೆಲ್ಲಲಾಗದು.

ಆದ್ದರಿಂದ ಪ್ರತಿ ಊರಿಗೊಂದು ನಷ್ಟದ ಪುಸ್ತಕ ಬೇಕು. ಖರ್ಚು ಒಂದು ನೋಟುಬುಕ್ಕಿನದು. ದಿನಾಂಕ, ಸುರಿದ ಮಳೆ, ಗೋಡೆಯ ಮೇಲೆ ನೀರು ನಿಂತ ಗುರುತು, ತಪ್ಪಿದ ಕೂಲಿಯ ದಿನಗಳು, ಕೆಟ್ಟ ವಸ್ತು, ಮಾಡಿದ ಸಾಲ ಇವನ್ನು ಮನೆಮನೆಗೆ ಹೋಗಿ ಕೇಳಿ ಬರೆಯುವ ಕೆಲಸ ವಿದ್ಯಾರ್ಥಿಗಳಿಂದ ಸಾಧ್ಯ. ಶಾಲೆಯಂಗಳದಲ್ಲೊಂದು ಸರಳ ಮಳೆಮಾಪಕವಿಟ್ಟರೆ ಪಂಚಾಯಿತಿಯ ಮಾಪಕ ಮೌನವಾದ ದಿನ ಕೇಳಲು ಆಧಾರವಿರುತ್ತದೆ. ಈ ಪುಸ್ತಕವನ್ನು ವರ್ಷಕ್ಕೊಮ್ಮೆ ಗ್ರಾಮಸಭೆಯಲ್ಲಿ, ವಾರ್ಡಿನ ಸಭೆಯಲ್ಲಿ ಗಟ್ಟಿಯಾಗಿ ಓದಬೇಕು. ನಡಾವಳಿಯಲ್ಲಿ ದಾಖಲಾಗುವಂತೆ ನೋಡಿಕೊಳ್ಳಬೇಕು. ಕೋಟೆ ಕೊಳ್ಳೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೆಂಬ ಗಾದೆ ಎಲ್ಲರಿಗೂ ತಿಳಿದದ್ದೇ. ಕೊಳ್ಳೆಹೋದದ್ದೆಷ್ಟು ಎಂಬುದೇ ತಿಳಿಯದಿದ್ದರೆ ಆ ಬಾಗಿಲನ್ನು ಹಾಕುವವರೂ ಇರುವುದಿಲ್ಲ.

ಮುಂದಿನ ಮಳೆಗಾಲದಲ್ಲಿ ಮಂಟಪ ಮುಳುಗಿದಾಗ ಸೇತುವೆಯ ಮೇಲೆ ಹೋಗಿ ತುಂಗೆಗೆ ಕೈಮುಗಿಯಿರಿ. ಹಿಂದಿರುಗುವಾಗ ಕೆಳಗಿನ ಬೀದಿಗೂ ಒಮ್ಮೆ ಇಳಿಯಿರಿ, ಕೈಯಲ್ಲೊಂದು ಪುಸ್ತಕವಿರಲಿ.