ಚಳಿಗೆ ಏಳದ ಗಾಡಿ: ತಪ್ಪು ಯಾರದು?

(ದಿಲ್ಲಿಯ ಕನ್ನಡ ಕೆಲಸಗಾರರ ಸಭೆಯಲ್ಲಿ ಮಾಡಿದ ಭಾಷಣ)



ನಾನು ಮೆಕ್ಯಾನಿಕ್ ಅಲ್ಲ. ಹೋಟೆಲಿನಲ್ಲಿ ಲೋಟ ತೊಳೆದು, ಆಮೇಲೆ ನಸುಕಿನಲ್ಲಿ ಆಜಾದಪುರ ಮಂಡಿಯಿಂದ ತರಕಾರಿ ತರಲು ಡೀಸೆಲ್ ಪಿಕಪ್ ಓಡಿಸಿದವನು. ಒಂದು ಜನವರಿಯ ಬೆಳಿಗ್ಗೆ ಗಾಡಿ ಏಳಲಿಲ್ಲ. ಮಂಡಿಗೆ ಹೊತ್ತಾಯಿತೆಂಬ ಹೆದರಿಕೆಯಿಂದ ಕೀಲಿ ತಿರುಗಿಸಿ ತಿರುಗಿಸಿ ಸ್ಟಾರ್ಟರ್ ಮೋಟಾರನ್ನೇ ಸುಟ್ಟೆ. ಯಜಮಾನರು ಅದರ ಬೆಲೆಯನ್ನು ನನ್ನ ಸಂಬಳದಲ್ಲಿ ಮುರಿದುಕೊಂಡರು. ನಿಜವಾದ ರೋಗ ಹೀಟರ್ ಪ್ಲಗ್ಗಿನಲ್ಲಿತ್ತೆಂದು ಗ್ಯಾರೇಜಿನವನು ಆಮೇಲೆ ಹೇಳಿದ. ತಿಂಗಳಿಂದ ಬಿಳಿ ಹೊಗೆ ಬರುತ್ತಿದೆಯೆಂದು ನಾನು ಯಜಮಾನರಿಗೆ ಹೇಳಿದ್ದುಂಟು. ಆದರೆ ಬಾಯಿಮಾತಿಗೆ ಸಾಕ್ಷಿ ಯಾರು? ನನಗಾದದ್ದು ನಿಮಗಾಗಬಾರದೆಂದು ಈ ನಾಲ್ಕು ಮಾತು.

ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ತಳ ಬಿಸಿಯಾಗುವುದನ್ನು ನೀವೆಲ್ಲ ಬಲ್ಲಿರಿ. ಡೀಸೆಲ್ ಎಂಜಿನ್ನಿನ ಗುಟ್ಟೂ ಅದೇ. ಜರ್ಮನಿಯ ರುಡಾಲ್ಫ್ ಡೀಸೆಲ್ ಎಂಬಾತ 1897ರಲ್ಲಿ ಓಡಿಸಿ ತೋರಿಸಿದ ಈ ಎಂಜಿನ್ನಿಗೆ ಕಿಡಿ ಬೇಡ. ಅದುಮಿದ ಗಾಳಿಯ ಕಾವಿಗೇ ಎಣ್ಣೆ ಹೊತ್ತಿಕೊಳ್ಳುತ್ತದೆ. ಚಳಿಯಲ್ಲಿ ಕಬ್ಬಿಣವೆಲ್ಲ ತಣ್ಣಗಾಗಿ ಆ ಕಾವನ್ನು ನುಂಗಿಬಿಡುತ್ತದೆ. ಎಂಜಿನ್ ಆಯಿಲ್ ಜೋನಿಬೆಲ್ಲದಂತೆ ಗಟ್ಟಿಯಾಗುತ್ತದೆ. ಬ್ಯಾಟರಿಯ ಶಕ್ತಿಯೂ ಕುಗ್ಗುತ್ತದೆ. 2021ರ ಜನವರಿ 1ರಂದು ಈ ದಿಲ್ಲಿಯ ಸಫ್ದರ್‌ಜಂಗ್‌ನಲ್ಲೇ 1.1 ಡಿಗ್ರಿಗೆ ಇಳಿದಿತ್ತು!

ಆದ್ದರಿಂದ ಕೀಲಿಯನ್ನು ಮೊದಲು ಅರ್ಧ ತಿರುಗಿಸಿ. ಹೀಟರ್ ಪ್ಲಗ್ ಇರುವ ಗಾಡಿಯಲ್ಲಿ ಸುರುಳಿ ಗುರುತಿನ ಹಳದಿ ದೀಪ ಆರುವವರೆಗೆ ತಾಳಿ. ಹೆಡ್‌ಲೈಟು, ಫ್ಯಾನು ಆರಿಸಿ, ಕ್ಲಚ್ ಒತ್ತಿ ಸ್ಟಾರ್ಟ್ ಮಾಡಿ. 10 ಸೆಕೆಂಡಿಗಿಂತ ಹೆಚ್ಚು ತಿರುಗಿಸಬೇಡಿ. ಏಳದಿದ್ದರೆ ಒಂದು ನಿಮಿಷ ಬಿಟ್ಟು ಮತ್ತೆ ನೋಡಿ. ಮೂರು ಸಲಕ್ಕೂ ಏಳದಿದ್ದರೆ ಕೈ ತೆಗೆದು, ಕಾರಣ ಹುಡುಕಿ.

ಟಿಕ್ ಟಿಕ್ ಎಂದು ಸುಮ್ಮನಾದರೆ ಬ್ಯಾಟರಿಯನ್ನು ನೋಡಿ. ತುದಿಗಳಲ್ಲಿ ಬಿಳಿ, ಹಸಿರು ಪುಡಿ ಕಟ್ಟಿದ್ದರೆ ಕಪ್ಪು ತಂತಿಯನ್ನು ಮೊದಲು ಬಿಚ್ಚಿ, ಒರೆಸಿ, ಬಿಗಿ ಮಾಡಿ. ಒಳ್ಳೆಯ ಬ್ಯಾಟರಿ ಸುಮ್ಮನಿರುವಾಗ 12.6 ವೋಲ್ಟ್ ತೋರಿಸಬೇಕು, 12.2 ಎಂದರೆ ಸುಮಾರು ಅರ್ಧ ಖಾಲಿ.

ಎಂಜಿನ್ ಚೆನ್ನಾಗಿ ತಿರುಗಿಯೂ ಏಳದಿದ್ದರೆ ಹಿಂದಿನ ಕೊಳವೆಯ ಹೊಗೆ ನೋಡಿ. ಹೊಗೆಯೇ ಇಲ್ಲವೆ? ಎಣ್ಣೆ ಒಳಗೆ ಹೋಗುತ್ತಿಲ್ಲ: ಟ್ಯಾಂಕು ಖಾಲಿ, ಫಿಲ್ಟರ್ ಕಟ್ಟಿದೆ, ಅಥವಾ ಗಾಳಿ ಸೇರಿದೆ. ಬಿಳಿ ಹೊಗೆಯೆ? ಎಣ್ಣೆ ಹೋಗುತ್ತಿದೆ, ಉರಿಯುತ್ತಿಲ್ಲ: ಹೀಟರ್ ಪ್ಲಗ್, ಅದರ ಫ್ಯೂಸು, ರಿಲೆ ಪರೀಕ್ಷಿಸಬೇಕು. ಫಿಲ್ಟರಿನ ಕೆಳಗೆ ನಿಂತ ನೀರನ್ನು ಆಗಾಗ ಇಳಿಸಿ. ಹೊಸ ಕಾಮನ್ ರೈಲ್ ಗಾಡಿಗಳಲ್ಲಿ ಎಂಜಿನ್ನಿನ ಉಕ್ಕಿನ ಪೈಪುಗಳನ್ನು ಮಾತ್ರ ಸಡಿಲಿಸಬೇಡಿ. ಅಲ್ಲಿನ ಒತ್ತಡ ಸಾವಿರ ಬಾರ್ ದಾಟುತ್ತದೆ, ಚರ್ಮ ಸೀಳಿ ಒಳಹೊಗುತ್ತದೆ.

ನಮ್ಮ ಕೊಬ್ಬರಿ ಎಣ್ಣೆ ಇಲ್ಲಿ ಹೆಪ್ಪುಗಟ್ಟುವಂತೆ ಡೀಸೆಲ್ಲಿನ ಮೇಣವೂ ಹೆಪ್ಪುಗಟ್ಟುವುದುಂಟು. ಚಳಿಗಾಲದ ಡೀಸೆಲ್ ದಿಲ್ಲಿಗೆ ಸಾಲುತ್ತದೆ. ಬೇಸಿಗೆಯಿಂದ ಡ್ರಮ್ಮಿನಲ್ಲಿ ಉಳಿದದ್ದನ್ನು ನಂಬಬೇಡಿ. ಲಡಾಖಿನಂಥ ಕಡೆಗೆ 2019ರಲ್ಲಿ, ಮೈನಸ್ 33 ಡಿಗ್ರಿಯವರೆಗೂ ಹರಿಯುವ ಬೇರೆ ಡೀಸೆಲ್ಲನ್ನೇ ತರಬೇಕಾಯಿತು.

ಮೂರು ಕೆಲಸ ಎಂದಿಗೂ ಬೇಡ. ಟ್ಯಾಂಕಿನ ಕೆಳಗೆ ಬೆಂಕಿ ಇಡಬೇಡಿ. ಹೀಟರ್ ಪ್ಲಗ್ ಇರುವ ಎಂಜಿನ್ನಿಗೆ ಈಥರ್ ಸ್ಪ್ರೇ ಹೊಡೆಯಬೇಡಿ, ಸಿಡಿಯುತ್ತದೆ. ಬಾಗಿಲು ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸಬೇಡಿ. ಆ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದ ಹುಡುಗ ಏಳುವುದಿಲ್ಲ. ಗಾಡಿ ತಡವಾದರೆ ಹೋಟೆಲಿನಲ್ಲಿ ಪಲ್ಯ ತಡವಾದೀತು, ಅಷ್ಟೆ.

ಕೊನೆಯದಾಗಿ ಸಂಬಳದ ಮಾತು. ಸ್ಟಾರ್ಟರ್ ಸುಟ್ಟದ್ದರಲ್ಲಿ ನನ್ನ ತಪ್ಪೂ ಇತ್ತು, ಒಪ್ಪುತ್ತೇನೆ. ಆದರೆ ಹೀಟರ್ ಪ್ಲಗ್ ಹಾಕಿಸುವುದು ನನ್ನ ಹೊಣೆಯೆ? ಹಾನಿಗಾಗಿ ಸಂಬಳ ಮುರಿಯಬೇಕಾದರೆ, ಅದು ಕೆಲಸಗಾರನ ಅಲಕ್ಷ್ಯದಿಂದಲೇ ಆಗಿರಬೇಕು, ಅವನ ಮಾತನ್ನೂ ಮೊದಲು ಕೇಳಬೇಕು. 1936ರ ವೇತನ ಪಾವತಿ ಕಾಯಿದೆ ಹೇಳಿದ್ದೂ ಇದನ್ನೇ, 2019ರ ವೇತನ ಸಂಹಿತೆ ಹೇಳುವುದೂ ಇದನ್ನೇ. ಆದ್ದರಿಂದ ಗಾಡಿಯಲ್ಲಿ ಎರಡು ರೂಪಾಯಿಯ ಪೆನ್ನೂ ಒಂದು ನೋಟ್‌ಬುಕ್ಕೂ ಇರಲಿ. ಬಿಳಿ ಹೊಗೆ ಕಂಡ ದಿನ ತಾರೀಖು ಬರೆದು, ಯಜಮಾನರಿಗೆ ತೋರಿಸಿ ಸಹಿ ಕೇಳಿ. ಸಹಿ ಸಿಗದಿದ್ದರೆ ಸಂಘಕ್ಕೆ ಬಂದು ಹೇಳಿ.

ನಾನು ಏಳನೆಯ ಇಯತ್ತೆಯವರೆಗೆ ಓದಿದವನು. ಇದನ್ನು ಕಲಿಯಲು ಅಷ್ಟು ಓದೂ ಬೇಕಾಗಲಿಲ್ಲ, ಒಂದು ತಿಂಗಳ ಸಂಬಳ ಹೋಯಿತು. ನೀವು ಪುಕ್ಕಟೆ ಕಲಿಯಿರಿ.