ನಿಶಾಪುರದ ಪಿರೋಜದ ಗಣಿಗಳು



ರತ್ನವೆಂದೊಡನೆ ನಮ್ಮ ನೆನಪಿಗೆ ಬರತಕ್ಕವು ಒಂಬತ್ತು. ವಜ್ರ, ಮಾಣಿಕ್ಯ, ಮುತ್ತು, ಹವಳ, ಪಚ್ಚೆ, ಪುಷ್ಯರಾಗ, ನೀಲ, ಗೋಮೇಧಿಕ, ವೈಡೂರ್ಯ ಎಂಬ ಈ ಪಂಕ್ತಿಯಲ್ಲಿ ಪಿರೋಜಕ್ಕೆ ಎಡೆಯಿಲ್ಲ. ಸಂಸ್ಕೃತದಲ್ಲಿ ಅದಕ್ಕೆ ಪೇರೋಜವೆಂಬ ಹೆಸರುಂಟು; ಆದರೆ ಅದು ಮೂಲತಃ ಸಂಸ್ಕೃತದ ಮಾತಲ್ಲ, ಪಾರಸಿಯಿಂದ ಬಂದದ್ದು. ಕಲ್ಲು ಬಂದ ದಾರಿಯಲ್ಲಿಯೇ ಹೆಸರೂ ಬಂದಿತು. ಪಾರಸಿಯಲ್ಲಿ ಈ ಹೆಸರಿಗೆ ವಿಜಯವೆಂಬ ಅರ್ಥದ ಸಂಬಂಧವುಂಟು. ಯೂರೋಪಿನವರಾದರೋ ಇದನ್ನು ಟರ್ಕಾಯಿಸ್, ಅಂದರೆ ತುರ್ಕರ ಕಲ್ಲು, ಎಂದು ಕರೆದರು. ತುರ್ಕರ ದೇಶದಲ್ಲಿ ಅಗೆದದ್ದೆಂದಲ್ಲ. ತುರ್ಕರ ಪೇಟೆಗಳ ಮೂಲಕ ಅವರ ಕೈಸೇರುತ್ತಿತ್ತೆಂದು. ಮಾರಿದವನ ಹೆಸರು ಕಲ್ಲಿಗೆ ಅಂಟಿಕೊಂಡಿತು. ಅಗೆದವನ ಹೆಸರು ಅಂಟಲಿಲ್ಲ. ಆ ಅಗೆದವನ ವಿಷಯವಾಗಿ ಈ ಹೊತ್ತು ಕೆಲವು ಮಾತುಗಳನ್ನು ಹೇಳಬೇಕೆಂದಿದ್ದೇನೆ.

ಈ ಬಣ್ಣ ನಮ್ಮ ನಾಡಿಗೆ ತೀರ ಹೊಸದೇನೂ ಅಲ್ಲ. ಗುಲ್ಬರ್ಗದಲ್ಲಿ ಆಳಿದ ಬಹಮನೀ ಸುಲ್ತಾನರ ಸಿಂಹಾಸನಕ್ಕೆ 'ತಖ್ತ್-ಇ-ಫಿರೋಜಾ' ಎಂದು ಹೆಸರು. 14ನೆಯ ಶತಮಾನದಲ್ಲಿ ತೆಲುಗುನಾಡಿನ ಕಾಪಯ ನಾಯಕನಿಂದ ಅದು ಮೊದಲನೆಯ ಮಹಮ್ಮದ್ ಷಾಹನಿಗೆ ಬಂದಿತು. ಅದರ ಮೇಲಣ ನೀಲವರ್ಣದ ಮೀನಾಕೆಲಸದಿಂದ ಈ ಹೆಸರಾಯಿತೆಂದು ಚರಿತ್ರಕಾರನಾದ ಫಿರಿಷ್ತಾ ಬರೆದಿದ್ದಾನೆ. ಬೀದರಿನಲ್ಲಿ ಮಹಮೂದ್ ಗವಾನನು 1472ರಲ್ಲಿ ಮುಗಿಸಿದ ಮದರಸದ ಗೋಡೆಗಳ ಮೇಲೆ ಉಳಿದಿರುವ ಬಣ್ಣದ ಬಿಲ್ಲೆಗಳಲ್ಲಿಯೂ ಆ ಪಾರಸೀಕ ನೀಲವನ್ನು ಕಾಣಬಹುದು. ಆದರೆ ಇವು ಬಣ್ಣ ಮಾತ್ರ; ಕಲ್ಲಲ್ಲ. ಕಲ್ಲನ್ನು ನೋಡಬೇಕಾದರೆ ನಾವು ಖುರಾಸಾನಿಗೆ ಹೋಗಬೇಕು.

ಇರಾನಿನ ಈಶಾನ್ಯ ಭಾಗದಲ್ಲಿರುವ ಈ ಸೀಮೆಯಲ್ಲಿ ನಿಶಾಪುರವೆಂಬ ಪುರಾತನ ನಗರವಿದೆ. ಉಮರ್ ಖಯ್ಯಾಮನು 1048ರಲ್ಲಿ ಹುಟ್ಟಿದುದು ಇಲ್ಲಿಯೇ. 1221ರಲ್ಲಿ ಮಂಗೋಲರು ಈ ನಗರವನ್ನು ಧ್ವಂಸಮಾಡಿದರು. ನಗರ ಬಿದ್ದಿತು, ಎದ್ದಿತು; ಅರಸರು ಬಂದರು, ಹೋದರು. ಅದರ ವಾಯವ್ಯಕ್ಕೆ ಸುಮಾರು 50 ಕಿಲೋಮೀಟರು ದೂರದಲ್ಲಿರುವ ಒಣಗುಡ್ಡಗಳಲ್ಲಿ ಅಗೆಯುವ ಕೆಲಸ ಮಾತ್ರ ಸಾವಿರ ವರ್ಷಕ್ಕೂ ಮಿಗಿಲಾಗಿ ನಡೆದುಬಂದಿದೆ. ಗುಡ್ಡದ ತಪ್ಪಲಿನ ಹಳ್ಳಿಯ ಹೆಸರೇ ಮಅದನ್, ಎಂದರೆ ಗಣಿ.

ಈ ಕಲ್ಲು ಹುಟ್ಟುವ ಬಗೆ ವಿಚಿತ್ರವಾದದ್ದು. ವಜ್ರದಂತೆ ಭೂಮಿಯ ಆಳದ ಕಾವಿನಲ್ಲಿ ಆದದ್ದಲ್ಲ. ಪೂರ್ವಕಾಲದ ಜ್ವಾಲಾಮುಖಿಯ ಶಿಲೆಗಳ ಬಿರುಕುಗಳಲ್ಲಿ ನೀರು ಇಳಿಯುವಾಗ ತಾಮ್ರವನ್ನೂ, ಅಲ್ಯೂಮಿನಿಯಮ್ಮನ್ನೂ, ರಂಜಕದ ಲವಣವನ್ನೂ ಕರಗಿಸಿಕೊಂಡು ಹೋಗಿ, ಒಂದೆಡೆ ನಿಂತು ಗಟ್ಟಿಯಾಗಿ ಈ ಕಲ್ಲಾಗುತ್ತದೆ. ನೀಲಿ ತಾಮ್ರದಿಂದ ಬಂದದ್ದು. ಕಬ್ಬಿಣ ಸೇರಿದಷ್ಟೂ ಹಸುರು ಹೆಚ್ಚುತ್ತದೆ. ನೀರಿನ ಅಂಶವೂ ಕಲ್ಲಿನ ಒಡಲಿನಲ್ಲಿಯೇ ಇದೆ. ಆದುದರಿಂದ ಇದು ಮೃದು. ಬಿಸಿಲು, ಎಣ್ಣೆ, ಬೆವರು ಇವುಗಳಿಂದ ಕೆಡುವ ಸ್ವಭಾವದ್ದು. ತೆಳುವಾದ ಎಳೆಗಳಾಗಿಯೂ ಸಣ್ಣ ಗಂಟುಗಳಾಗಿಯೂ ಬಂಡೆಗೆ ಅಂಟಿಕೊಂಡಿರುತ್ತದೆ. ಎಲ್ಲಿದೆಯೆಂದು ಹೊರಗಿನಿಂದ ಹೇಳುವುದು ಕಷ್ಟ. ಸಿಕ್ಕಿತೆಂದರೂ ಸುತ್ತಿಗೆಯ ಒಂದು ಹೆಚ್ಚಿನ ಪೆಟ್ಟಿಗೆ ಪುಡಿಯಾಗುತ್ತದೆ. ಗಣಿಯ ಕೆಲಸಗಾರನ ಕಷ್ಟವೆಲ್ಲ ಈ ಎರಡು ಮಾತುಗಳಲ್ಲಿ ಅಡಗಿದೆ.

ಹಳೆಯ ಗ್ರಂಥಕಾರರು ಈ ಗಣಿಗಳನ್ನು ಚೆನ್ನಾಗಿ ಅರಿತಿದ್ದರು. 11ನೆಯ ಶತಮಾನದ ಅಲ್ ಬಿರೂನಿಯೂ, 13ನೆಯ ಶತಮಾನದ ನಸೀರುದ್ದೀನ್ ತೂಸಿಯೂ ತಮ್ಮ ರತ್ನಶಾಸ್ತ್ರಗಳಲ್ಲಿ ಇದನ್ನು ವರ್ಣಿಸಿದ್ದಾರೆ. ಅಬೂ ಇಸ್‌ಹಾಕೀ ಎಂಬ ಗಣಿಯ ಕಲ್ಲಿಗೆ ಅಗ್ರಸ್ಥಾನ. 17ನೆಯ ಶತಮಾನದಲ್ಲಿ ಬಂದ ಫ್ರೆಂಚ್ ರತ್ನವರ್ತಕ ತವರ್ನಿಯೆ, 'ಹಳೆಯ ಬಂಡೆ'ಯ ಉತ್ತಮವಾದ ಕಲ್ಲುಗಳನ್ನು ಪಾರಸೀಕದ ಅರಸನು ತನಗಾಗಿಯೇ ಕಾದಿರಿಸಿಕೊಂಡಿದ್ದನೆಂದು ಬರೆದಿದ್ದಾನೆ. ಅಗೆಯುವವರ ಮಾತಾದರೋ ಈ ಗ್ರಂಥಗಳಲ್ಲಿ ವಿರಳ. ಅದಕ್ಕಾಗಿ ನಾವು 19ನೆಯ ಶತಮಾನದವರೆಗೆ ಕಾಯಬೇಕು. ಪಾರಸೀಕ ಸರ್ಕಾರದ ಸೇವೆಯಲ್ಲಿದ್ದ ಹೌಟಮ್ ಷಿಂಡ್ಲರ್ ಎಂಬ ಯೂರೋಪಿಯನ್ ಅಧಿಕಾರಿಯು 1880ರ ದಶಕದ ಮೊದಲಿನಲ್ಲಿ ಕೆಲಕಾಲ ಈ ಗಣಿಗಳ ಮೇಲ್ವಿಚಾರಣೆಯನ್ನು ನಡೆಸಿ, ಒಂದು ವರದಿಯನ್ನು ಬರೆದನು. ನಮಗೆ ವಿಶೇಷವೆಂದರೆ, 1884ರಲ್ಲಿ ಅದು ಇಂಗ್ಲಿಷಿನಲ್ಲಿ ಅಚ್ಚಾದುದು ಹಿಂದೂದೇಶದ ಭೂಗರ್ಭಶೋಧನ ಇಲಾಖೆಯ ಪತ್ರಿಕೆಯಲ್ಲಿ.

ಆ ವರದಿಯಿಂದ ತಿಳಿಯುವುದೇನು? ಕೆಲಸ ಎರಡು ವಿಧ. ಒಂದು, ಬಂಡೆಯೊಳಗೆ ಬಾವಿಗಳನ್ನೂ ಸುರಂಗಗಳನ್ನೂ ತೋಡಿ ಅಗೆಯುವುದು. ಇನ್ನೊಂದು, ಬೆಟ್ಟದಿಂದ ಉರುಳಿಬಂದು ತಪ್ಪಲಿನ ಮಣ್ಣಿನಲ್ಲಿ ಸೇರಿರುವ ಕಲ್ಲುಗಳನ್ನು ಹುಡುಕುವುದು. ಇದಕ್ಕೆ ಖಾಕೀ, ಅಂದರೆ ಮಣ್ಣಿನದು, ಎಂದು ಹೆಸರು. ಹಳ್ಳಿಯ ಒಂದೆರಡು ನೂರು ಜನರಿಗೆ ಇದೇ ಜೀವನ. ಒಳಗೆ ದೀಪದ ಬೆಳಕಿನಲ್ಲಿ ಬಂಡೆಯನ್ನು ಒಡೆದು, ಹೊರಗೆ ತಂದು, ಸಣ್ಣ ಸುತ್ತಿಗೆಯಿಂದ ಚೂರುಮಾಡಿ, ನೀಲಿಯ ಗುರುತನ್ನು ಹುಡುಕುವರು. ದಿನವೆಲ್ಲ ಒಡೆದರೂ ಏನೂ ಕಾಣದಿರುವ ದಿನಗಳುಂಟು. ಸಿಕ್ಕ ಕಲ್ಲುಗಳನ್ನು ಹಳ್ಳಿಯ ಹಿರಿಯರು, ಅಲ್ಲಿನ ಮಾತಿನಲ್ಲಿ 'ರೀಷ್ ಸಫೀದ್', ಅಂದರೆ ಬಿಳಿಗಡ್ಡದವರು, ಕೊಂಡು ವರ್ತಕರಿಗೆ ಮಾರುವರು.

ಸಫವೀ ಅರಸರ ಕಾಲದಲ್ಲಿ ಸರ್ಕಾರವೇ ಗಣಿಗಳನ್ನು ನಡೆಸುತ್ತಿತ್ತೆಂದೂ, ಆಗ ಕೆಲಸದಲ್ಲಿ ಒಂದು ಕ್ರಮವಿತ್ತೆಂದೂ ಅಲ್ಲಿನವರ ನಂಬಿಕೆ. ಅನಂತರ ಗಣಿಗಳು ಗುತ್ತಿಗೆಯ ಕೈಗೆ ಬಿದ್ದವು. ಗುತ್ತಿಗೆಯ ಹಣವನ್ನು ಕೊಟ್ಟವನಿಗೆ ಅವಧಿಯೊಳಗೆ ಲಾಭ ಬೇಕು; ಮುಂದಿನ ತಲೆಮಾರಿನ ಚಿಂತೆ ಅವನಿಗೇಕೆ? ಮೇಲ್ಛಾವಣಿಯನ್ನು ಹೊತ್ತುಕೊಂಡಿರಲೆಂದು ಹಿಂದಿನವರು ಬಿಟ್ಟಿದ್ದ ಬಂಡೆಯ ಕಂಬಗಳಲ್ಲಿಯೂ ಕಲ್ಲಿತ್ತಲ್ಲವೆ? ಅವನ್ನೂ ಕಡಿದರು. ಗಣಿಗಳು ಕುಸಿದು ಮಣ್ಣುಗುಪ್ಪೆಗಳಾದವು. ಇದರ ಮೇಲೆ ಮದ್ದಿನಪುಡಿ ಬಂದಿತು. ಗುದ್ದಲಿಯಿಂದ ಮೆಲ್ಲಗೆ ಬಿಡಿಸಿದರೆ ಇಡಿಯಾಗಿ ಬರುತ್ತಿದ್ದ ಕಲ್ಲು, ಮದ್ದು ಸಿಡಿಸಿದಾಗ ಚೂರುಚೂರಾಗಿ ಬರತೊಡಗಿತು. ಬಂಡೆ ಬೇಗ ಒಡೆಯಿತು. ರತ್ನವೂ ಅದರೊಡನೆ ಒಡೆಯಿತು. ಬೇಗನೆಂಬುದಕ್ಕೆ ತೆರಬೇಕಾದ ಬೆಲೆಗೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಅಪರೂಪ.

ತೆಗೆದ ಕಲ್ಲನ್ನು ಮೂರು ತರಗತಿಯಾಗಿ ವಿಂಗಡಿಸುತ್ತಿದ್ದರು. ಉಂಗುರಕ್ಕೆ ಯೋಗ್ಯವಾದದ್ದು ಅಂಗುಷ್ತರೀ. ಇದನ್ನು ಬಿಡಿಬಿಡಿಯಾಗಿ ಮಾರುವುದು. ಮಧ್ಯಮದ್ದು ಬಾರ್‌ಖಾನೆ, ಇದನ್ನು ತೂಕಕ್ಕೆ ಮಾರುವುದು. ಕೊನೆಯದು ಅರಬೀ, ಪಾರಸೀಕರು ಮೆಚ್ಚದೆ ಅರಬರ ನಾಡಿಗೆ ಹೋಗುತ್ತಿದ್ದುದರಿಂದ ಆ ಹೆಸರು. ಉತ್ತಮವಾದ ಕಲ್ಲುಗಳು ಇಮಾಮ್ ರೆಜಾರ ಸಮಾಧಿಯಿರುವ ಮಷಹದ್ ಪಟ್ಟಣಕ್ಕೆ ಹೋಗುವುವು. ಅಲ್ಲಿ ಕುರುಂದದ ಚಕ್ರದ ಮೇಲೆ ಅರೆದು, ನುಣುಪಾದ ಕಲ್ಲಿನ ಮೇಲೆ ತೀಡಿ, ತೊಗಲಿನಿಂದ ಹೊಳಪುಕೊಟ್ಟು ಗುಮ್ಮಟದ ಆಕಾರಕ್ಕೆ ತರುವರು. ಯಾತ್ರಿಕರು ಕೊಳ್ಳುವರು.

ಇಲ್ಲೊಂದು ಮೋಸವನ್ನೂ ಹೇಳಬೇಕು. ಕೆಲವು ಕಲ್ಲುಗಳ ಬಣ್ಣ ತೇವವಿರುವವರೆಗೆ ಮಾತ್ರ. ಅಂಥವನ್ನು ಒದ್ದೆಯಾದ ಮಣ್ಣಿನ ಪಾತ್ರೆಯಲ್ಲಿಟ್ಟು ಮಾರುವರು. ಕೊಂಡವನು ಮನೆಗೆ ಹೋದಮೇಲೆ ಕಲ್ಲು ಒಣಗಿ ಬಿಳುಪೇರುತ್ತದೆ. ಇದನ್ನು ಓದಿದ ಪ್ರವಾಸಿಗಳು ಹಳ್ಳಿಯವರ ಕಪಟವನ್ನು ಹಳಿದಿದ್ದಾರೆ. ಕಪಟವೇ ನಿಜ. ಆದರೆ ವರ್ಷಕ್ಕೊಮ್ಮೆ ಗುತ್ತಿಗೆಯವನಿಗೆ ತೆರಬೇಕಾದ ಹಣ ಮಾತ್ರ ಒಣಗುವುದಿಲ್ಲ, ಬಿಳುಪೇರುವುದಿಲ್ಲ, ಎಂಬುದನ್ನೂ ಜೊತೆಗೆ ನೆನೆಯುವುದು ನ್ಯಾಯ.

ರತ್ನದ ಬೆಲೆಯನ್ನು ನಾವು ಬಣ್ಣ, ಗಾತ್ರ, ಹೊಳಪುಗಳಿಂದ ಎಣಿಸುತ್ತೇವೆ. ಈ ಮೂರನ್ನೂ ಬಂಡೆಯಿಂದ ಕೆಡದಂತೆ ಬಿಡಿಸಿದ್ದು ಒಂದು ಕೈ. ಯಾವ ಗುಣವಿರುವ ಎಳೆಯನ್ನು ಎಷ್ಟು ಮೆಲ್ಲಗೆ ಮುಟ್ಟಬೇಕೆಂಬುದು ತಂದೆಯಿಂದ ಮಗನಿಗೆ ಬಂದ ವಿದ್ಯೆ. ಲಾಭವೆಲ್ಲ ಮೇಲಿನವರ ಪಾಲಾಗಿ, ಆ ವಿದ್ಯೆಗೆ ತಕ್ಕ ಕೂಲಿ ಇಲ್ಲದಾಗ, ಕಲ್ಲೂ ಕೆಡುತ್ತದೆ, ಗಣಿಯೂ ಕೆಡುತ್ತದೆ. ನಿಶಾಪುರದ ಕುಸಿದ ಸುರಂಗಗಳು ಹೇಳುವ ಅರ್ಥಶಾಸ್ತ್ರ ಇಷ್ಟೇ. ಆ ಗುಡ್ಡಗಳಲ್ಲಿ ಅಗೆಯುವ ಕೆಲಸ ಇಂದಿಗೂ ನಿಂತಿಲ್ಲ. ಇನ್ನು ಮುಂದೆ ಆಕಾಶದ ತುಣುಕಿನಂತಿರುವ ಆ ಕಲ್ಲನ್ನು ಯಾರ ಬೆರಳಿನಲ್ಲಾದರೂ ನೀವು ಕಂಡರೆ, ಆಕಾಶವನ್ನೇ ಕಾಣದ ಸುರಂಗದಲ್ಲಿ ಅದನ್ನು ಹುಡುಕಿದವನನ್ನೂ ಒಂದು ಕ್ಷಣ ನೆನೆಯಬೇಕೆಂದು ಕೋರಿ, ನನ್ನ ಮಾತನ್ನು ಮುಗಿಸುತ್ತೇನೆ.